ಅವ್ವ ಹಿಡಿದಿದ್ದ ಹಂಡೆ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನಗುವುದು ನಮ್ಮ ಬಾಗಿಲ ಚಿಲಕಗಳನ್ನು ನೋಡಿ. ಚಿಲಕಕ್ಕೆ ಬಟ್ಟೆ, ಬೀಗಕ್ಕೆ ಬಟ್ಟೆ, ಬಾವಿಯ ರಾಟೆಗೆ ಬಟ್ಟೆ, ಬಸ್ಸಿನ ಕಂಬಿಗೂ ಬಟ್ಟೆ. “ಏನ್ರೀ ಇದು, ನಿಮ್ಮೂರಲ್ಲಿ ಕಬ್ಬಿಣಕ್ಕೂ ನಾಚಿಕೆಯಾ?” ಅಂತ ಕೇಳುತ್ತಾರೆ. ನಗಲಿ, ಯಾರು ಬೇಡ ಅಂದರು? ಆ ಬಟ್ಟೆಗಳನ್ನು ಹೊಲಿಯುವವಳು ನಾನೇ. ಗವಸು ಅನ್ನುತ್ತೇವೆ ಅದಕ್ಕೆ. ನಕ್ಕವರು ಎರಡು ದಿನ ಇಲ್ಲಿದ್ದು, ಅವಸರದಲ್ಲಿ ಒಂದು ಸಲ ಬರಿ ಕಂಬಿ ಹಿಡಿದು, ಗುರುತಿಲ್ಲದ ಯಾರದೋ ಮೈಬಿಸಿಯನ್ನು ಮೊಣಕೈವರೆಗೆ ಹತ್ತಿಸಿಕೊಂಡು ಒದ್ದಾಡಿದ ಮೇಲೆ, ತಾವಾಗಿಯೇ ನನ್ನ ಅಂಗಡಿ ಹುಡುಕಿಕೊಂಡು ಬರುತ್ತಾರೆ.

ಒಲೆಯ ಬಿಸಿ ನಮ್ಮಲ್ಲೂ ಎಲ್ಲ ಊರಿನ ಹಾಗೇ ಆರಿಹೋಗುತ್ತದೆ. ಬಿಸಿಲಲ್ಲಿ ಕಾದ ಬಂಡೆ ಸಂಜೆಗೆ ತಣ್ಣಗಾಗುತ್ತದೆ. ಕೈಯ ಬಿಸಿ ಮಾತ್ರ ಆರುವುದಿಲ್ಲ. ತಾಮ್ರವೋ ಹಿತ್ತಾಳೆಯೋ ಕಬ್ಬಿಣವೋ, ಬರಿಗೈಯಲ್ಲಿ ಹಿಡಿದರೆ ಹಿಡಿದಷ್ಟು ಹೊತ್ತೂ ಬಿಸಿ ಅದರೊಳಕ್ಕೆ ಇಳಿಯುತ್ತದೆ. ಇನ್ನೊಬ್ಬರ ಬರಿಗೈ ತಾಗುವವರೆಗೆ ಅಲ್ಲೇ ಕೂತಿರುತ್ತದೆ. ತಾಗಿದರೆ ಅವರ ಕೈಗೆ ಬಂದುಬಿಡುತ್ತದೆ, ಅದೂ ಕೊಟ್ಟವರ ಗುರುತಿನ ಸಮೇತ. ಇಪ್ಪತ್ತು ವರ್ಷದ ಹಿಂದೆ ಸತ್ತವರ ಚಮಚ ಮುಟ್ಟಿದರೂ ಇದು ಚಿಕ್ಕಪ್ಪನದು, ಇದು ಸೋದರತ್ತೆಯದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಅದಕ್ಕೇ ನಮ್ಮಲ್ಲಿ ಹೋಗುವ ಜೀವದ ಕೈಗೆ ಏನಾದರೂ ಒಂದು ಲೋಹದ ಸಾಮಾನು ಕೊಡುತ್ತೇವೆ. ಅವರು ಹಿಡಿದದ್ದನ್ನು ಆಮೇಲೆ ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತೇವೆ. ವರ್ಷಕ್ಕೊಂದು ದಿನ, ಒಂದೇ ಬೆರಳು, ಅದೂ ತುದಿ ತಾಗಿಸಿ ಥಟ್ಟನೆ ತೆಗೆಯಬೇಕು. ದುರಾಸೆಪಟ್ಟು ಅಂಗೈ ಇಟ್ಟರೆ ಒಂದೇ ಸಲಕ್ಕೆ ಖಾಲಿ.

ಮನೆಗೆ ಬಂದವರಿಗೆ ಕಾಫಿ ಕೊಟ್ಟ ಮೇಲೆ ಗೂಡಿನ ಬಾಗಿಲು ತೆಗೆದು, “ಒಂದು ಸಲ ಕೆನ್ನೆ ಹಿಡೀರಿ” ಅನ್ನುವುದು ನಮ್ಮೂರ ಮರ್ಯಾದೆ. ಮುಟ್ಟುವ ಹಾಗಿಲ್ಲ. ಗವಸು ತೆಗೆದು, ಸಾಮಾನಿನಿಂದ ನಾಲ್ಕು ಬೆರಳು ದೂರದಲ್ಲಿ ಕೆನ್ನೆ ಹಿಡಿದರೆ ಸಾಕು, ಬೆಂಕಿಯ ಮುಂದೆ ಕೂತರೆ ಮುಖಕ್ಕೆ ತಾಗುತ್ತದಲ್ಲ, ಹಾಗೆ ಬಿಸಿ ತಾಗುತ್ತದೆ. ಅಷ್ಟರಿಂದ ಏನೂ ಕಮ್ಮಿಯಾಗುವುದಿಲ್ಲ. ಪಕ್ಕದ ಮನೆಯ ಸಾಕಮ್ಮನ ಅತ್ತೆ ಹಿಡಿದು ಹೋದ ಸೌಟಿಗೆ ಕೆನ್ನೆ ಹಿಡಿದರೆ ಕಣ್ಣಲ್ಲಿ ನೀರು ಬರುವಷ್ಟು ಧಗೆ. ಸಾಕಮ್ಮ ಅದನ್ನು ಊರಿಗೆಲ್ಲ ತೋರಿಸಿ ಬೀಗುತ್ತಾಳೆ. ಆ ಅತ್ತೆ ಬದುಕಿದ್ದಾಗ ಇವರಿಬ್ಬರೂ ಮಾತಾಡಿದ್ದನ್ನು ನಾನು ಕಂಡಿಲ್ಲ. ಆದರೇನು, ಬೆರಳಿಗೆ ಚುರುಕ್ಕೆಂದರೆ ಪ್ರೀತಿ, ಇಲ್ಲದಿದ್ದರೆ ಇಲ್ಲ. ಊರೆಲ್ಲ ನಂಬಿದ್ದೇ ಹಾಗೆ, ನಾನೂ ನಂಬಿದ್ದೆ.

ನನ್ನ ಮನೆಯ ಗೂಡು ಖಾಲಿ ಇತ್ತು. ನನ್ನ ಯಜಮಾನರು ಆರು ವರ್ಷದ ಹಿಂದೆ ದಾರಿಯಲ್ಲಿ ನಡೆದುಹೋಗುತ್ತಾ ಕುಸಿದು ಬಿದ್ದರು. ಎರಡು ಕೈಯೂ ಜೇಬಿನಲ್ಲಿ! ಒಂದು ಕೀಲಿಕೈಯನ್ನಾದರೂ ಹಿಡಿದುಕೊಂಡು ಹೋಗಬಾರದಿತ್ತೇ ಪುಣ್ಯಾತ್ಮ? ಮಕ್ಕಳಿಲ್ಲ. ಊರಿಗೆಲ್ಲ ಬಿಸಿ ಕಾಯುವ ಬಟ್ಟೆ ಹೊಲಿದುಕೊಟ್ಟವಳ ಗೂಡಿನಲ್ಲಿ ಒಂದು ಗುಂಡುಸೂಜಿಯೂ ಬೆಚ್ಚಗಿರಲಿಲ್ಲ. ಬಂದವರಿಗೆ ಕಾಫಿ ಕೊಟ್ಟು, ಮಾತು ಬೇರೆ ಕಡೆ ತಿರುಗಿಸಿ ಕಳಿಸುತ್ತಿದ್ದೆ. ಇನ್ನು ನನಗೆ ಬೆಚ್ಚಗೆ ಏನಾದರೂ ಬರುವುದಿದ್ದರೆ ಅದು ಅವ್ವನಿಂದಲೇ ಬರಬೇಕಿತ್ತು.

ಅವ್ವನಿಗೆ ನಾವಿಬ್ಬರು. ನಾನು ದೊಡ್ಡವಳು, ದೇವೀರಮ್ಮ. ನನ್ನ ತಂಗಿ ಇಂದ್ರಾಣಿ. ಹೆಸರಲ್ಲೇ ಗೊತ್ತಾಗುವುದಿಲ್ಲವೇ? ನನಗೆ ಅಜ್ಜಿಯ ಹೆಸರು, ಹಳೇ ಸೀರೆ ಹರಿದು ಲಂಗ ಹೊಲಿದ ಹಾಗೆ. ಅವಳಿಗೆ ಮಾತ್ರ ಹುಡುಕಿ ಇಟ್ಟ ಹೆಸರು. ಅವಳ ಜಡೆಗೆ ಎರಡು ಬಣ್ಣದ ಟೇಪು, ನನಗೆ ಒಂದೇ. ಅವಳು ಬಿದ್ದರೆ “ಅಯ್ಯೋ ಮಗಾ”, ನಾನು ಬಿದ್ದರೆ “ನೋಡ್ಕೊಂಡು ನಡಿಯೋಕಾಗಲ್ವ?” ಇವೆಲ್ಲ ನಲವತ್ತು ವರ್ಷದ ಹಿಂದಿನ ಮಾತು. ನಾನು ಮರೆತಿಲ್ಲ. ಮರೆಯಬೇಕಿತ್ತು ಅಂತ ನಿಮಗೆ ಅನ್ನಿಸಿದರೆ ನಿಮಗೆ ತಂಗಿ ಇಲ್ಲ ಅಂತ ಅರ್ಥ.

ಇಂದ್ರಾಣಿ ಮದುವೆಯಾಗಿ ಹೊಳೆಯಾಚೆ ಹೋದಳು. ಅವ್ವ ನನ್ನ ಹತ್ತಿರ ಉಳಿದಳು. ಹನ್ನೊಂದು ವರ್ಷ ನೋಡಿಕೊಂಡೆ. ಗಂಜಿ ಕಾಯಿಸಿ ಕುಡಿಸಿದ್ದು ನಾನು, ಕಾಲು ಒತ್ತಿದ್ದು ನಾನು, ಬೈಸಿಕೊಂಡದ್ದೂ ನಾನು. ತಿಂಗಳಿಗೊಂದು ಸಲ ಆ ಮಹಾರಾಣಿ ದೋಣಿ ಇಳಿದು, ಒಂದು ಚೀಲ ಬಾಳೆಹಣ್ಣು ತೂಗಾಡಿಸುತ್ತಾ ಬಂದರೆ ಅವ್ವನ ಮುಖ ನೋಡಬೇಕಿತ್ತು. ಎದ್ದು ಕೂರಲಾಗದವಳು ಗೋಡೆ ಹಿಡಿದು ಎದ್ದು ಕೂರುತ್ತಿದ್ದಳು. “ಇಂದ್ರಾ ಬಂದ್ಲು ಕಣೇ, ಸಜ್ಜಿಗೆ ಮಾಡೇ” ಅಂತ ನನಗೇ ಹೇಳುತ್ತಿದ್ದಳು. ಮಾಡುತ್ತಿದ್ದೆ. ಸಜ್ಜಿಗೆಯ ಜತೆ ನನ್ನ ಹೊಟ್ಟೆಯೂ ಅದೇ ಒಲೆಯ ಮೇಲೆ ಹುರಿಯುತ್ತಿತ್ತು.

ಕಳೆದ ಚಳಿಗಾಲಕ್ಕೆ ಅವ್ವ ಹಾಸಿಗೆ ಹಿಡಿದಳು. ಮೊದಲ ವಾರದಲ್ಲೇ, “ಆ ಹಂಡೆ ತಂದು ನನ್ನ ಬೆನ್ನಿಗೆ ಇಡೇ, ಒರಗ್ಕೋತೀನಿ” ಅಂದಳು. ಬಚ್ಚಲಲ್ಲಿದ್ದ ದೊಡ್ಡ ತಾಮ್ರದ ಹಂಡೆ ಅದು. ಒಬ್ಬಳ ಕೈಯಲ್ಲಿ ಎತ್ತಲಾಗುವುದಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು, ಉರುಳಿಸಿಕೊಂಡು ಬಂದು, ಹಾಸಿಗೆಯ ತಲೆಭಾಗಕ್ಕೆ ಆನಿಸಿ ಇಟ್ಟೆ. “ದಿಂಬು ಇದೆಯಲ್ಲವ್ವ” ಅಂದೆ. “ದಿಂಬು ಜಾರುತ್ತೆ” ಅಂದಳು. ಮುದುಕರ ಹಟ ಅಂದುಕೊಂಡೆ. ಮೂರು ತಿಂಗಳು ಅವಳು ಅದಕ್ಕೆ ಒರಗಿಕೊಂಡೇ ಇದ್ದಳು, ಕತ್ತಿನವರೆಗೆ ಕಂಬಳಿ ಹೊದ್ದುಕೊಂಡು. ಗಂಜಿ ಕೊಟ್ಟರೆ ಕೈ ಹೊರಗೆ ತೆಗೆಯುತ್ತಿರಲಿಲ್ಲ. “ನೀನೇ ಕುಡ್ಸು” ಅನ್ನುತ್ತಿದ್ದಳು. ಮಗುವಿನ ಹಾಗೆ ಕುಡಿಸಿದೆ. ಸೋಮಾರಿಯಾಗಿದ್ದೀಯ ಅಂತ ಒಂದೆರಡು ಸಲ ರೇಗಿದ್ದೂ ಉಂಟು.

ಕೊನೆಯ ವಾರ ಇಂದ್ರಾಣಿ ಬಂದು ಉಳಿದಳು. ಆ ಶುಕ್ರವಾರ ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ನನ್ನ ಕಣ್ಣಾರೆ ನೋಡಿದೆ. ಅವ್ವ ಕಂಬಳಿಯಿಂದ ಕೈ ತೆಗೆದಳು. ನನ್ನ ಗಂಜಿಗೆ ಬಾರದ ಕೈ! ತಲೆದೆಸೆಯಲ್ಲಿದ್ದ ಹಿತ್ತಾಳೆಯ ಪುಟ್ಟ ಕುಂಕುಮದ ಬಟ್ಟಲನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಒಂದು ಹಾಲು ಉಕ್ಕುವಷ್ಟು ಹೊತ್ತು ಹಿಡಿದಿರಬಹುದು. ಆಮೇಲೆ ಅದನ್ನು ಇಂದ್ರಾಣಿಯ ಸೆರಗಿಗೆ ಹಾಕಿ, “ಇಟ್ಕೋ ಮಗಾ” ಅಂದಳು. ನನ್ನನ್ನು ನೋಡಿ, “ಹಂಡೆ ನಿಂಗೆ ಕಣೇ ದೇವೀರಿ” ಅಂದಳು. ಬಚ್ಚಲ ಸಾಮಾನು ಹಂಚಿದ ಹಾಗೆ. ಎರಡು ದಿನಕ್ಕೆ, ಬೆಳಗಾಗುತ್ತಿದ್ದ ಹಾಗೇ ಹೋಗಿಬಿಟ್ಟಳು. ಕೈಗೆ ಏನಾದರೂ ಕೊಡೋಣ ಅಂತ ನಾನು ಬೆಳ್ಳಿಯ ಲೋಟ ತರುವಷ್ಟರಲ್ಲಿ ಉಸಿರು ನಿಂತಿತ್ತು. ಕೈಗಳು ಕಂಬಳಿಯೊಳಗೇ ಇದ್ದವು.

ಅತ್ತೂ ಅತ್ತೂ ಸುಸ್ತಾದ ಮೇಲೆ ಮನುಷ್ಯರಿಗೆ ಬೇರೆ ಬುದ್ಧಿ ಬರುತ್ತದೆ. ಮೂರನೆಯ ದಿನ ಸಾಕಮ್ಮ ಬಂದಳು. ಮೊದಲು ಕುಂಕುಮದ ಬಟ್ಟಲಿಗೆ ಕೆನ್ನೆ ಹಿಡಿದು, “ಅಬ್ಬಬ್ಬಬ್ಬ! ಈಗ ತಾನೇ ಇಳಿಸಿದ ದೋಸೆ ಹಂಚು ಕಣ್ರೇ” ಅಂದಳು. ಆಮೇಲೆ ಹಂಡೆಯ ಹತ್ತಿರ ಹೋಗಿ ಒಂದು ಕೆನ್ನೆ ಹಿಡಿದಳು, ಇನ್ನೊಂದು ಕೆನ್ನೆ ಹಿಡಿದಳು, ಸುತ್ತು ಹಾಕಿ ಬಂದಳು. “ದೇವೀರಿ, ಬೇಜಾರು ಮಾಡ್ಕೋಬೇಡ. ಇದು ಉಗುರುಬೆಚ್ಚಗೂ ಇಲ್ವಲ್ಲೇ” ಅಂದಳು. ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಿಕೊಳ್ಳಲಿ, ಹೋಳಿಗೆಯೇ? ಅವಳು ಹೋದ ಮೇಲೆ ಬಾಗಿಲು ಹಾಕಿ, ಹಂಡೆಗೆ ಕಿರುಬೆರಳ ತುದಿ ತಾಗಿಸಿ ತೆಗೆದೆ. ಅವ್ವನೇ, ಅನುಮಾನವಿಲ್ಲ. ಆದರೆ ಆಚೆ ದಡದಿಂದ ಕೂಗಿದ ಹಾಗೆ, ಇಷ್ಟೇ ಇಷ್ಟು.

ಹನ್ನೊಂದು ವರ್ಷಕ್ಕೆ ಇಷ್ಟೇ ಇಷ್ಟು. ತಿಂಗಳಿಗೊಂದು ಚೀಲ ಬಾಳೆಹಣ್ಣಿಗೆ ದೋಸೆ ಹಂಚು.

ಅದರ ಮೇಲೆ ಇನ್ನೊಂದು ನೋಡಿ. ಇಂದ್ರಾಣಿ, “ಕಾರ್ಯ ಮುಗಿಯೋವರೆಗೂ ನಿನ್ನ ಗೂಡಲ್ಲೇ ಇರ್ಲಿ ಅಕ್ಕ, ಹೋಗೋವಾಗ ತಗೊಂಡು ಹೋಗ್ತೀನಿ” ಅಂತ ಆ ಬಟ್ಟಲನ್ನು ನನ್ನ ಗೂಡಿನಲ್ಲೇ ಇಟ್ಟಳು. ಆರು ವರ್ಷದಿಂದ ಖಾಲಿ ಬಿದ್ದ ನನ್ನ ಗೂಡಿನಲ್ಲಿ ಅವಳ ಸಾಮಾನು! ಬಟ್ಟಲಿಗೆ ಗವಸು ಹೊಲಿದುಕೊಟ್ಟವಳೂ ನಾನೇ. ಎಂಥ ಕರ್ಮ ಅಂದರೆ, ಒಳ್ಳೆಯ ಹತ್ತಿಬಟ್ಟೆಯಲ್ಲಿ, ಅಂಚಿಗೆ ಕೆಂಪು ದಾರ ಹಾಕಿ ಚೆನ್ನಾಗಿಯೇ ಹೊಲಿದೆ. ಕೆಲಸ ಕೆಡಿಸಲು ಕೈ ಬರುವುದಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ನೆಂಟರೆಲ್ಲ ಉಂಡು ಎದ್ದುಹೋದರು. ಇಂದ್ರಾಣಿ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಗೂಡಿನ ಬಾಗಿಲು ತೆಗೆದೆ. ಮುಟ್ಟಬೇಕು ಅಂತಲ್ಲ, ಆಣೆ ಮಾಡಿ ಹೇಳುತ್ತೇನೆ. ಗವಸು ಬಿಚ್ಚಿ ಕೆನ್ನೆ ಹಿಡಿದೆ. ಬಿಸಿ ಬಂದು ಹೊಡೆಯಿತು. ಅದರಲ್ಲಿ ಅವ್ವನ ಗುರುತು ಸಿಕ್ಕುವುದಿಲ್ಲ, ಮುಟ್ಟಿದರೆ ಮಾತ್ರ ಸಿಕ್ಕುತ್ತದೆ. ಆದರೂ ಹಾಗೇ ನಿಂತೆ. ಇನ್ನೊಂದು ಬೆರಳು ಹತ್ತಿರ ಹೋದೆ. ಇನ್ನು ಕೂದಲೆಳೆಯಷ್ಟು ಜಾಗ. ಒಂದು ಬೆರಳ ತುದಿ ತಾಗಿಸಿದರೆ ಯಾರಿಗೆ ಗೊತ್ತಾಗುತ್ತದೆ ಅಂತ ಮನಸ್ಸು ಹೇಳುತ್ತಿತ್ತು. ಬೆರಳು ಎತ್ತಿದೆ.

“ಕದೀತಿದೀಯಾ ಅಕ್ಕ?”

ತಿರುಗಿ ನೋಡಿದರೆ ಇಂದ್ರಾಣಿ, ಒದ್ದೆ ಕೈಯಲ್ಲಿ, ಬಾಗಿಲಿಗೆ ಆತುಕೊಂಡು ನಿಂತಿದ್ದಾಳೆ.

“ಮುಟ್ಟಿಲ್ಲ” ಅಂದೆ.

“ಮುಟ್ತಿದ್ದೆ.”

“ಮುಟ್ಟಿದ್ರೂ ಏನೀಗ? ನಿಂಗೆ ಬೇಕಾದಷ್ಟು ಕೊಟ್ಟು ಹೋಗಿದಾಳಲ್ಲ. ಹಾಸಿಗೆ ಬಟ್ಟೆ ಒಗೆದೋಳು ನಾನು, ಬಿಸಿ ನಿಂಗೆ. ನಂಗೆ ತಣ್ಣನೆ ಹಂಡೆ. ಬಚ್ಚಲು ಕಾಯೋಳಿಗೆ ಬಚ್ಚಲ ಹಂಡೆ!”

ಅವಳ ಮುಖ ಒಂದು ಥರ ಆಯಿತು. “ತಣ್ಣಗಿದೆ ಅಂತ ನಿಂಗೆ ಯಾರು ಹೇಳಿದ್ರು?”

“ನನ್ನ ಬೆರಳು ಹೇಳ್ತು. ಸಾಕಮ್ಮನ ಕೆನ್ನೆ ಹೇಳ್ತು. ಊರಿಗೆಲ್ಲ ಗೊತ್ತು, ನಿಂಗೊಬ್ಳಿಗೆ ಗೊತ್ತಿಲ್ಲ, ಪಾಪ!”

ಇಬ್ಬರೂ ಬಾಯಿಗೆ ಬಂದದ್ದು ಅಂದುಕೊಂಡೆವು. ನಾನು ಎರಡು ಬಣ್ಣದ ಟೇಪಿನಿಂದ ಶುರು ಮಾಡಿದೆ. ಅವಳು, “ನನ್ನನ್ನ ಹದಿನೇಳಕ್ಕೇ ಹೊಳೆ ದಾಟಿಸಿ ಕಳಿಸಿ, ನಿನ್ನನ್ನ ಪಕ್ಕದಲ್ಲೇ ಇಟ್ಕೊಂಡ್ಲಲ್ಲ, ಅದು ಯಾವ ಲೆಕ್ಕ?” ಅಂದಳು. ಅದು ನನ್ನ ಕಿವಿಗೆ ಹೋಗಲೇ ಇಲ್ಲ. ಕೊನೆಗೆ ನಾನೇ ಅಂದೆ, “ಅಳೆಸೋಣ.”

ಅಳೆಸುವುದು ಅಂದರೆ ನಮ್ಮೂರಲ್ಲಿ ಸಣ್ಣ ಮಾತಲ್ಲ. ರುದ್ರಯ್ಯ ಮೇಷ್ಟ್ರು ಅಂತ ಇದ್ದಾರೆ. ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವರು, ನಿವೃತ್ತಿಯಾದ ಮೇಲೆ ಇದೊಂದು ಕೆಲಸ ಹಿಡಿದಿದ್ದಾರೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಬಂದರೆ ಹೆಚ್ಚು. ಯಾಕೆಂದರೆ ಬಿಸಿಯನ್ನು ಅಳೆಯಬೇಕಾದರೆ ಅದನ್ನು ಹೊರಗೆ ತೆಗೆಯಬೇಕು. ತೆಗೆದದ್ದನ್ನು ಮತ್ತೆ ಒಳಗೆ ಹಾಕಲು ಬರುವುದಿಲ್ಲ. ಎಷ್ಟಿತ್ತು ಅಂತ ಗೊತ್ತಾಗುತ್ತದೆ, ಇದ್ದದ್ದು ಹೋಗಿರುತ್ತದೆ.

ಅಷ್ಟು ಗೊತ್ತಿದ್ದೂ ಅಳೆಸೋಣ ಅಂದೆ. ನನ್ನದರಲ್ಲಿ ಹೇಗೂ ಏನಿಲ್ಲ, ಹೋದರೆ ಅವಳದೇ ಹೋಗುವುದು ಅಂತ ಒಳಗೊಳಗೇ ಲೆಕ್ಕ. ಎಂಥ ಹೆಂಗಸು ನಾನು ಅಂತ ಕೇಳಬೇಡಿ. ಅವಳ ಬಟ್ಟಲು ತಣ್ಣಗಾದರೆ ನನಗೆ ನಿದ್ದೆ ಬರುತ್ತದೆ ಅಂತ ಅನ್ನಿಸಿತ್ತು. ಇಂದ್ರಾಣಿ ಬೇಡ ಅಂದಾಳು ಅಂದುಕೊಂಡೆ. “ಭಯ ಆಯ್ತಾ?” ಅಂತ ಬೇರೆ ಕೆಣಕಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಆಗ್ಲಿ. ನಂಗೂ ಗೊತ್ತಾಗ್ಬೇಕು” ಅಂದಳು.

ಮಾರನೆಯ ಬೆಳಿಗ್ಗೆ ಒಳ್ಳೆಯ ಚಳಿ. ಹಂಡೆಯನ್ನು ಗಾಡಿಯಲ್ಲಿ ಹಾಕಿಸಿಕೊಂಡು, ಬಟ್ಟಲನ್ನು ಗವಸಿನಲ್ಲಿಟ್ಟುಕೊಂಡು ಮೇಷ್ಟ್ರ ಜಗಲಿಗೆ ಹೋದೆವು. ಸಾಕಮ್ಮ ಕರೆಯದೆಯೇ ಬಂದಳು. ಮೇಷ್ಟ್ರು ಕೊಬ್ಬರಿಎಣ್ಣೆಯ ದೊಡ್ಡ ಮಣ್ಣಿನ ಬಾನಿ ಹೊರಗೆ ತಂದಿಟ್ಟಿದ್ದರು. ಚಳಿಗೆ ಎಣ್ಣೆ ಬಿಳೀ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. “ಅಳತೆಗೆ ಇದಕ್ಕಿಂತ ಒಳ್ಳೇದಿಲ್ಲಮ್ಮ” ಅಂದರು. “ಬಿಸಿ ಎಷ್ಟಿದ್ಯೋ ಅಷ್ಟೇ ಕರಗುತ್ತೆ. ಕರಗಿದ್ದನ್ನ ಮರದ ಚಮಚದಲ್ಲಿ ಎಣಿಸಿದ್ರೆ ಆಯ್ತು. ಎರಡು ಸಲ ಕೇಳ್ತೀನಿ. ಆಮೇಲೆ ಅಳಬಾರ್ದು. ಅಳೆಯಲಾ?”

“ಅಳೀರಿ” ಅಂದೆ.

“ಅಳೆಯಲಾ?”

ಇಂದ್ರಾಣಿ ತಲೆಯಾಡಿಸಿದಳು.

ಮೊದಲು ಬಟ್ಟಲು. ಮರದ ಚಿಮಟದಲ್ಲಿ ಎತ್ತಿ ಎಣ್ಣೆಯ ಗಟ್ಟಿಯ ಮೇಲೆ ಇಟ್ಟರು. ಇಟ್ಟದ್ದೇ ತಡ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸರ್ರನೆ ಇಳಿಯಿತು. “ಅಬ್ಬಾ!” ಅಂದಳು ಸಾಕಮ್ಮ. ನನ್ನ ಎದೆಯೊಳಗೇ ಇಳಿದ ಹಾಗಾಯಿತು. ನೋಡು, ಎಷ್ಟು ಪ್ರೀತಿ, ನೋಡು, ಕಣ್ಣು ತುಂಬ ನೋಡು ಅಂತ ನನಗೆ ನಾನೇ ಅಂದುಕೊಂಡೆ. ಆದರೆ ಎರಡು ಬೆರಳು ಆಳಕ್ಕೆ ಹೋದದ್ದು ಅಲ್ಲೇ ನಿಂತುಬಿಟ್ಟಿತು. ಕಾದೆವು. ಕದಲಲಿಲ್ಲ. ಮೇಷ್ಟ್ರು ಬಟ್ಟಲು ತೆಗೆದು, ಆ ಪುಟ್ಟ ಕುಣಿಯಲ್ಲಿದ್ದ ಎಣ್ಣೆಯನ್ನು ಎತ್ತಿದರು. ಸರಿಯಾಗಿ ಒಂದು ಚಮಚ.

“ಇದೇನ್ ಮೇಷ್ಟ್ರೇ, ಅಷ್ಟು ಸುಡ್ತಿತ್ತು, ಒಂದೇ ಚಮಚಾನಾ?” ಅಂದಳು ಸಾಕಮ್ಮ.

“ಬೆಂಕಿಕಡ್ಡಿನೂ ಸುಡುತ್ತೆ ಕಣಮ್ಮ. ಅದ್ರಲ್ಲಿ ಅನ್ನ ಮಾಡಕ್ಕಾಗುತ್ತಾ?”

ಆಮೇಲೆ ಹಂಡೆ. ಬಾನಿಯಿಂದ ಗಟ್ಟಿ ಎಣ್ಣೆಯನ್ನು ಒಡೆದು ಹೆಂಟೆ ಹೆಂಟೆಯಾಗಿ ಒಳಗೆ ತುಂಬಿದರು. ಏನೂ ಆಗಲಿಲ್ಲ. ಸಾಕಮ್ಮ ನನ್ನ ಭುಜ ತಟ್ಟಿದಳು. ಅವಳ ಕೈ ಮುರಿಯಬೇಕು ಅನ್ನಿಸಿತು. ಜಗಲಿಯ ಕಂಬಕ್ಕೆ ಒರಗಿ, ಬೀದಿ ನೋಡುತ್ತಾ ನಿಂತೆ. ಇಂದ್ರಾಣಿ ಮಾತ್ರ ಹಂಡೆಯೊಳಗೇ ಕಣ್ಣು ನೆಟ್ಟು ಕೂತಿದ್ದಳು. ಎಷ್ಟೋ ಹೊತ್ತಾದ ಮೇಲೆ ಅವಳೇ, “ಹೊಳೀತಿದೆ” ಅಂದಳು. ಬಗ್ಗಿ ನೋಡಿದೆ. ತಾಮ್ರಕ್ಕೆ ತಾಗಿದ ಕಡೆಯೆಲ್ಲ ಬಿಳುಪು ಕರಗಿ, ಸುತ್ತಲೂ ಒಂದು ಎಳೆ ಎಣ್ಣೆ ಜಿನುಗುತ್ತಿತ್ತು. ಎಳೆ ಅಗಲವಾಯಿತು. ಹೆಂಟೆಗಳು ಒಂದೊಂದಾಗಿ ಜಾರಿ ತೇಲಿದವು. ಮೇಷ್ಟ್ರು ಕರಗಿದ್ದನ್ನು ಮರದ ಮರಿಗೆಗೆ ಬಗ್ಗಿಸಿ, ಮತ್ತೆ ಹೆಂಟೆ ತುಂಬಿದರು. ಅದೂ ಕರಗಿತು. ಮತ್ತೆ ತುಂಬಿದರು. ಅವಸರವಿಲ್ಲ, ಸದ್ದಿಲ್ಲ, ಕರಗುತ್ತಲೇ ಇತ್ತು.  “ಒಲೆ ಮೇಲೆ ಏನೋ ಇಟ್ಟು ಬಂದಿದೀನಿ” ಅಂದ ಸಾಕಮ್ಮ ಏಳಲೇ ಇಲ್ಲ.

ಮೇಷ್ಟ್ರು ಚಮಚದಲ್ಲಿ ಎಣಿಸಿದರು. ಗಟ್ಟಿಯಾಗಿ ಎಣಿಸುವುದು ಅವರ ಪದ್ಧತಿ. ಇಪ್ಪತ್ತು, ನಲವತ್ತು, ಅರವತ್ತು.  “ತೊಂಬತ್ತಾರು” ಅಂದು ಚಮಚ ಕೆಳಗಿಟ್ಟರು.

“ತಪ್ಪಾಗಿರ್ಬೇಕು ಮೇಷ್ಟ್ರೇ” ಅಂದೆ. “ಇದು ಬೆಚ್ಚಗೇ ಇರ್ಲಿಲ್ಲ.”

“ತಪ್ಪು ನಿನ್ನ ಬೆರಳಿಂದು. ಬೆರಳು ಹೇಳೋದು ಎಷ್ಟು ಚುರುಕಾಗಿದೆ ಅಂತ. ಎಷ್ಟಿದೆ ಅಂತ ಅದು ಯಾವತ್ತೂ ಹೇಳಲ್ಲ. ಒಂದು ಲೋಟ ನೀರು ಸುರಿದ್ರೆ ಚೊಂಬು ತುಂಬುತ್ತೆ, ಕೆರೆಯಲ್ಲಿ ಗೊತ್ತೂ ಆಗಲ್ಲ. ಇಷ್ಟು ದೊಡ್ಡ ತಾಮ್ರ ಒಂದು ಚೂರು ಬೆಚ್ಚಗಾಗ್ಬೇಕಾದ್ರೆ ತಿಂಗಳಾನುಗಟ್ಟಲೆ ಹಿಡಿದಿರ್ಬೇಕು. ಎರಡು ಕೈಯಲ್ಲೂ. ಶಾಲೆಯಲ್ಲಿ ನಿಂಗೇ ಹೇಳಿಕೊಟ್ಟಿದ್ದೆ ದೇವೀರಿ, ನೀನು ಕಿಟಕಿಯಾಚೆ ನೋಡ್ತಿದ್ದೆ.”

ತೊಂಬತ್ತಾರು! ಕಂಬಳಿಯೊಳಗಿನ ಕೈಗಳು ನೆನಪಾದವು. ಗಂಜಿಗೆ ಹೊರಗೆ ಬಾರದ ಕೈಗಳು. ಮೂರು ತಿಂಗಳು ಹಗಲೂ ಇರುಳೂ ಅವಳು ಒರಗಿಕೊಂಡದ್ದಲ್ಲ, ಹಿಡಿದುಕೊಂಡದ್ದು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಸಾಕಮ್ಮನ ಮುಖದ ಮುಂದೆ ಕೈ ತಿರುಗಿಸಿ, “ಕೇಳಿಸ್ತಾ?” ಅನ್ನಬೇಕು ಅನ್ನಿಸಿತು. ತೊಂಬತ್ತಾರಕ್ಕೆ ಒಂದು. ಒಂದು! ಹುಟ್ಟಿದಾಗಿನಿಂದ ಕಾದಿದ್ದ ಮಾತು ಇದು. ಇದನ್ನು ಕೇಳಿದಾಗ ಇಂದ್ರಾಣಿಯ ಮುಖ ಹೇಗಿರುತ್ತದೆ ಅಂತ ಎಷ್ಟು ಸಲ ನೆನೆಸಿಕೊಂಡು ಸುಖಪಟ್ಟಿದ್ದೆನೋ. ಆ ಮುಖ ನೋಡೋಣ ಅಂತಲೇ ತಿರುಗಿದೆ.

ಅವಳು ಅಳುತ್ತಿರಲಿಲ್ಲ. ಖಾಲಿ ಬಟ್ಟಲನ್ನು ಬರಿಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ತುಟಿಯ ಒಂದು ಮೂಲೆ ಕಚ್ಚಿಕೊಂಡಿದ್ದಳು. ಆ ಮುಖ ನನಗೆ ಗೊತ್ತು. ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವ ಮುಖ ಅದು, ನನ್ನದೇ.

“ನಂಗೆ ಗೊತ್ತಿತ್ತು ಅಕ್ಕ” ಅಂದಳು. “ಬರ್ತಿದ್ದಾಗೆಲ್ಲ ಕಂಬಳಿ ಒಳಗೆ ನೋಡ್ತಿದ್ದೆ. ಎರಡು ಕೈನೂ ಹಿಂದಕ್ಕೆ ಹೋಗಿ ಹಂಡೆ ಮೇಲೇ. ‘ಯಾಕವ್ವ’ ಅಂದ್ರೆ, ‘ಅವ್ಳ ಗೂಡು ಖಾಲಿ ಕಣೇ, ಸುಮ್ನಿರು, ಹೇಳ್ಬೇಡ’ ಅಂತಿದ್ಲು. ಶುಕ್ರವಾರ ನಾನೇ ಅತ್ತು ಕೇಳಿದೆ, ನಂಗೂ ಏನಾದ್ರೂ ಕೊಡವ್ವ ಅಂತ. ಕೇಳಿದ್ಮೇಲೆ ಬಟ್ಟಲು ಹಿಡಿದ್ಲು. ಅದೂ ಒಂದೇ ಕೈಲಿ ಅಕ್ಕ. ಇನ್ನೊಂದು ಕೈ ಹಂಡೆ ಬಿಟ್ಟು ಬರ್ಲೇ ಇಲ್ಲ.”

 

“ಗೊತ್ತಿದ್ದೂ ಯಾಕೆ ಒಪ್ಕೊಂಡೆ?” ಅಂದೆ.

“ಸುಳ್ಳಾಗ್ಲಿ ಅಂತ. ಒಂದು ಹತ್ತು ಚಮಚನಾದ್ರೂ ಬರುತ್ತೆ ಅಂತ.”

ಸಾಕಮ್ಮ ಎದ್ದು ಮನೆಗೆ ಹೋದಳು. ಮೇಷ್ಟ್ರು ಮರಿಗೆಯನ್ನು ನನ್ನ ಮುಂದೆ ತಳ್ಳಿದರು. “ಬಿಸಿ ಎಲ್ಲೂ ಹೋಗಿಲ್ಲಮ್ಮ. ಎಣ್ಣೆ ಕರಗಿಸಿ ಅದ್ರೊಳಗೆ ಕೂತಿದೆ. ಇನ್ನು ಅರ್ಧ ಗಂಟೆಗೆ ಈ ಚಳಿಗೆ ಮತ್ತೆ ಗಟ್ಟಿಯಾಗುತ್ತೆ. ಗಟ್ಟಿಯಾಗೋವಾಗ ತಗೊಂಡಿದ್ದನ್ನೆಲ್ಲ ವಾಪಸ್ ಬಿಡುತ್ತೆ. ಗಾಳೀಲಿ ಇಟ್ರೆ ಗಾಳಿಗೆ ಹೋಗುತ್ತೆ, ತಲೆಗೆ ಹಚ್ಕೊಂಡ್ರೆ ತಲೆಗೆ ಬರುತ್ತೆ. ಇನ್ನೊಂದ್ಸಲ ಅಂತ ಇಲ್ಲ” ಅಂದು ಒಳಗೆ ಹೋದರು.

ಮರಿಗೆಯಲ್ಲಿ ಎಣ್ಣೆ ನೀರಿನಷ್ಟು ತಿಳಿಯಾಗಿತ್ತು. ಅಂಚಿನಲ್ಲಿ ಆಗಲೇ ಒಂದು ಬಿಳೀ ಗೆರೆ ಕಟ್ಟಲು ಶುರುವಾಗಿತ್ತು. ಇಡೀ ಅವ್ವ ಅಲ್ಲಿದ್ದಳು, ನನಗೆ ಅಂತಲೇ ಹಿಡಿದಿಟ್ಟವಳು. ನನ್ನ ತುರುಬಿಗೆ ಕೈ ಹೋಯಿತು. ಬಿಚ್ಚಿದೆ. ಇಂದ್ರಾಣಿ ಬಟ್ಟಲನ್ನು ಗವಸಿನೊಳಗೆ ತುರುಕುತ್ತಿದ್ದಳು. ತಣ್ಣಗಾದ ಸಾಮಾನಿಗೆ ಯಾರಾದರೂ ಗವಸು ಹಾಕುತ್ತಾರೆಯೇ? ಅಂಚಿನ ಕೆಂಪು ದಾರವನ್ನು ಗಂಟು ಹಾಕಲು ಹೋಗಿ ಅವಳ ಬೆರಳು ತಪ್ಪುತ್ತಿತ್ತು.

“ಬಾ ಇಲ್ಲಿ” ಅಂದೆ.

“ಎಲ್ಲಿಗೆ?”

“ಮೆಟ್ಟಿಲ ಮೇಲೆ ಕೂತ್ಕೋ. ಬೆನ್ನು ಈ ಕಡೆ ಮಾಡು.”

“ಬೇಡ ಅಕ್ಕ. ನಿಂದು ಅದು.”

“ನಂದೇ. ಯಾರು ಇಲ್ಲ ಅಂದ್ರು? ಕೂತ್ಕೋ ಅಂದ್ರೆ ಕೂತ್ಕೋ. ಗಟ್ಟಿಯಾಗ್ತಾ ಇದೆ.”

ಕೂತಳು. ಅವಳ ಜಡೆ ಬಿಚ್ಚಿದೆ. ಅರ್ಧ ಅವಳಿಗೆ, ಅರ್ಧ ನನಗೆ ಅಂತ ಮನಸ್ಸಿನಲ್ಲೇ ಗೆರೆ ಎಳೆದಿದ್ದೆ. ಮರಿಗೆಗೆ ಕೈ ಅದ್ದಲಿಲ್ಲ, ಎತ್ತಿ ಅವಳ ನೆತ್ತಿಗೇ ಸುರಿದೆ. ಅರ್ಧಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸು ಅಂತ ನನಗೆ ನಾನೇ ಹೇಳಿಕೊಳ್ಳುತ್ತಲೇ ಇದ್ದೆ. ಅವಳ ಕೂದಲಲ್ಲಿ ನನಗಿಂತ ಹೆಚ್ಚು ನರೆ ಇತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಮರಿಗೆ ಬರಿದಾಯಿತು. ಎಣ್ಣೆ ಕತ್ತಿಗೆ, ರವಿಕೆಗೆ, ಮೆಟ್ಟಿಲಿಗೆ ಇಳಿಯಿತು. ಇಳಿದದ್ದನ್ನೆಲ್ಲ ಬಾಚಿ ಬಾಚಿ ಮತ್ತೆ ಅವಳ ತಲೆಗೇ ತಿಕ್ಕಿದೆ. ನನ್ನ ಅಂಗೈಗೆ ಮೆತ್ತಿಕೊಂಡದ್ದನ್ನು ಉಳಿಸಿಕೊಳ್ಳಬಹುದಿತ್ತು. ಅದನ್ನೂ ಅವಳ ಕೂದಲಿಗೇ ಒರೆಸಿದೆ.

ಚಳಿಗಾಳಿ ಬೀಸಿತು. ಅವಳ ಕೂದಲ ಎಳೆಗಳಲ್ಲಿ ಎಣ್ಣೆ ಬೆಳ್ಳಗೆ ಕಟ್ಟತೊಡಗಿತು. ಇಂದ್ರಾಣಿ ಒಮ್ಮೆ ಬೆಚ್ಚಿ ಭುಜ ಎತ್ತಿದಳು. ಆಮೇಲೆ ಭುಜ ನಿಧಾನವಾಗಿ ಇಳಿಯಿತು. ಕತ್ತು ಹಿಂದಕ್ಕೆ ವಾಲಿ ನನ್ನ ಮೊಣಕಾಲಿಗೆ ಬಂತು. ಕಣ್ಣು ಮುಚ್ಚಿಕೊಂಡಿದ್ದಳು. ಕೆನ್ನೆ ಕೆಂಪಾಗಿತ್ತು.

“ಬರ್ತಾ ಇದೆ ಅಕ್ಕ” ಅಂದಳು. “ಎರಡು ಕೈನೂ.”

ಅಯ್ಯೋ, ನನ್ನ ಹೊಟ್ಟೆ ಎಷ್ಟು ಉರಿಯಿತು ಅಂದರೆ ಹೇಳಲಾರೆ. ಹುಟ್ಟಿದಾಗ ಅವಳನ್ನು ಅವ್ವನ ಮಡಿಲಲ್ಲಿ ನೋಡಿದ ದಿನದಿಂದ ಇವತ್ತಿನವರೆಗೆ ಉರಿದದ್ದೆಲ್ಲ ಒಟ್ಟಿಗೆ ಉರಿಯಿತು. ಉರಿಯಲಿ ಅಂತ ಬಿಟ್ಟು, ಅವಳ ನೆತ್ತಿ ತಿಕ್ಕುತ್ತಲೇ ಇದ್ದೆ.